ಕಡತದ ಅಂಟು, ರದ್ದಿಯ ನಾರು

ಸರ್ಕಾರಿ ಕಚೇರಿಗೆ ಒಮ್ಮೆಯಾದರೂ ಅಲೆದವರಿಗೆ ‘ಕಡತ’ ಎಂಬ ಪದ ಹೊಸದಲ್ಲ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ, ಸಾಹೇಬರ ಸಹಿಗೆ ಕಾಯುತ್ತದೆ, ಕೆಲವೊಮ್ಮೆ ಕಾಣೆಯೂ ಆಗುತ್ತದೆ. ಆದರೆ ಈ ಪದ ಹುಟ್ಟಿದಾಗ ಅದಕ್ಕೂ ಕಾಗದಕ್ಕೂ ನಂಟೇ ಇರಲಿಲ್ಲ. ಕಡತವೆಂದರೆ ಬಟ್ಟೆ. ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಹತ್ತಿ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು.

1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರತಂದ ಮೈಸೂರಿನ ಇತಿಹಾಸದಲ್ಲಿ ಈ ಕಡತವನ್ನು ಅಚ್ಚರಿಯಿಂದ ವರ್ಣಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಉಳ್ಳವರ ಕಡತಕ್ಕೆ ಎರಡೂ ತುದಿಯಲ್ಲಿ ಬಣ್ಣ ಹಚ್ಚಿದ ಮರದ ಹಲಗೆ, ಮೇಲೊಂದು ರೇಷ್ಮೆಯ ಚೀಲ. ಬಡವರದಕ್ಕೆ ಬರಿಯ ದಾರ. ವ್ಯಾಪಾರಿಯೊಬ್ಬನ ಕಡತದಲ್ಲಿ ಬರೆದ ಸಾಲಪತ್ರವನ್ನು ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿ ಒಪ್ಪಿಕೊಂಡದ್ದನ್ನೂ ತಾನು ಕಂಡಿರುವುದಾಗಿ ಆತ ಹೇಳುತ್ತಾನೆ. ಟಿಪ್ಪು ಸುಲ್ತಾನ್ ಸರ್ಕಾರಿ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯಕೂಡದೆಂದು ಆಜ್ಞೆ ಮಾಡಿದ್ದನಂತೆ. ಒರೆಸಿ ತಿದ್ದಬಹುದಾದ ಲೆಕ್ಕವನ್ನು ಯಾವ ದೊರೆ ನಂಬಿಯಾನು? ಆದರೂ ವಿಲ್ಕ್ಸ್‌ನ ತೀರ್ಪು ಕಡತದ ಪರವಾಗಿಯೇ ಇದೆ. ತಾಮ್ರ ಮತ್ತು ಶಿಲೆಯನ್ನು ಬಿಟ್ಟರೆ ಹಿಂದೂಸ್ಥಾನದಲ್ಲಿ ಬರವಣಿಗೆಗೆ ಬಳಸುವ ಯಾವುದಕ್ಕಿಂತಲೂ, ಒಳ್ಳೆಯ ಕಾಗದಕ್ಕಿಂತಲೂ, ಕಡತವೇ ಹೆಚ್ಚು ಬಾಳಿಕೆ ಬರುತ್ತದೆ ಎಂಬುದು ಆತನ ಅಭಿಪ್ರಾಯ. ಶೃಂಗೇರಿ ಮಠದಲ್ಲಿ ಉಳಿದುಬಂದು ಇತಿಹಾಸಕಾರರಿಗೆ ಆಕರವಾಗಿರುವ ಕಡತಗಳು ಈ ಮಾತಿಗೆ ಸಾಕ್ಷಿ.

ಚಾಮರಾಜನಗರದ ಪಕ್ಕದ ಹರದನಹಳ್ಳಿಯ ಹೆಸರಿನಲ್ಲೇ ಒಬ್ಬ ವ್ಯಾಪಾರಿ ಇದ್ದಾನೆ. ಹಳಗನ್ನಡದ ‘ಪರದ’, ನಡುಗನ್ನಡದಲ್ಲಿ ‘ಹರದ’, ಎಂದರೆ ವರ್ತಕ. ಊರಿನ ಹೆಸರು ಅಲ್ಲಿಂದಲೇ ಬಂದಿರಬೇಕು ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ. ದಿವ್ಯಲಿಂಗೇಶ್ವರನ ದೇವಾಲಯವಿರುವ ಈ ಊರು ತೋಂಟದ ಸಿದ್ಧಲಿಂಗೇಶ್ವರರ ಹುಟ್ಟೂರು ಎಂಬುದು ಪ್ರತೀತಿ. ಅವರ ಗುರು ಗೋಸಲ ಚನ್ನಬಸವೇಶ್ವರರ ಪೀಠವೂ ಇಲ್ಲಿಯದೇ. ವಚನ ಓಲೆಗರಿಯಲ್ಲಿ, ವರ್ತಕರ ಲೆಕ್ಕ ಕಡತದಲ್ಲಿ. ಮೈಸೂರು ಸೀಮೆಯ ಊರುಗಳು ಶತಮಾನಗಳ ಕಾಲ ಹೀಗೆ ಕಾಗದದ ಹಂಗಿಲ್ಲದೆ ಬರೆದುಕೊಂಡು ಬಾಳಿದವು.

ಇಂದು ಹರದನಹಳ್ಳಿಯ ಹೆಸರು ಕೇಳಿದರೆ ಜಿಲ್ಲೆಯ ರೈತರಿಗೆ ಥಟ್ಟನೆ ನೆನಪಾಗುವುದು ಅಲ್ಲಿನ ಫಾರ್ಮಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಸುತ್ತಲ ಹೊಲಗಳಲ್ಲಿ ಬಾಳೆ, ಅರಿಸಿನ, ಕಬ್ಬು. ದಾರಿಯ ಇಕ್ಕೆಲದಲ್ಲಿ ಹುಣಸೆ ಮರ. ಮೂರನೆಯ ಒಂದು ಸಂಗತಿಯೂ ಇದೆ: ಇಲ್ಲಿಂದ ಉತ್ತರಕ್ಕೆ, ನಂಜನಗೂಡಿನ ಬಳಿ, ರದ್ದಿ ಕಾಗದವನ್ನು ಅರೆದು ಹೊಸ ಕಾಗದ ಮಾಡುವ ಹಳೆಯ ಕಾರ್ಖಾನೆ. ಹುಣಸೆ ಬೀಜ, ಬಾಳೆಕಂಬ, ರದ್ದಿ ಇವು ಮೂರನ್ನೂ ಒಟ್ಟಿಗೆ ಕಟ್ಟುವ ಎಳೆಯೊಂದು ಈಗ ವಿಜ್ಞಾನಿಗಳ ಕೈಯಲ್ಲಿದೆ. ಅದು ಎಷ್ಟು ಸಣ್ಣದೆಂದರೆ, ಕೂದಲಿನ ದಪ್ಪದ ಸಾವಿರ ಪಾಲಿನಲ್ಲಿ ಒಂದು ಪಾಲು. ಹೆಸರು ನ್ಯಾನೊಸೆಲ್ಯುಲೋಸ್.

ಬಿದಿರು ಮುಗಿದ ಕಥೆ

ಎಳೆಯನ್ನು ಹಿಡಿಯುವ ಮೊದಲು ಕಾಗದದ ಹಸಿವಿನ ಕಥೆಯನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಯುರೋಪು ಕಾಗದ ಮಾಡುತ್ತಿದ್ದುದು ಮರದಿಂದಲ್ಲ, ಚಿಂದಿ ಬಟ್ಟೆಯಿಂದ. ಚಿಂದಿಗೆ ಸದಾ ಬರ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಲಂಡನ್ನಿನ ಮಥಾಯಸ್ ಕೂಪ್ಸ್ ಎಂಬಾತ ಅಚ್ಚಾದ ಕಾಗದದಿಂದ ಶಾಯಿ ತೆಗೆದು ಮತ್ತೆ ಕಾಗದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ಹುಲ್ಲಿನ ಕಾಗದದ ಮೇಲೆ ಒಂದು ಪುಸ್ತಕವನ್ನೂ ಅಚ್ಚು ಹಾಕಿಸಿದ. ದೊಡ್ಡ ಗಿರಣಿ ಕಟ್ಟಿ ಕೆಲವೇ ವರ್ಷಗಳಲ್ಲಿ ದಿವಾಳಿಯಾದ. ರದ್ದಿಯಿಂದ ಕಾಗದ ಮಾಡುವುದು ಪರಿಸರದ ಕಾಳಜಿ ಹುಟ್ಟಿದ ಮೇಲೆ ಬಂದ ವಿದ್ಯೆ ಎಂದುಕೊಂಡವರಿಗೆ ಈ ಇಸವಿ ಬೆರಗು ಹುಟ್ಟಿಸೀತು.

ಬಳಿಕ ಮರದ ತಿರುಳು ಬಂತು. ಚಿಂದಿಯ ಬರ ನೀಗಿತು, ಕಾಡಿನ ಬರ ಶುರುವಾಯಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಮಲೆನಾಡಿನ ಬಿದಿರೇ ಆಹಾರ. 1955ರಲ್ಲಿ ಹುಟ್ಟಿದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆ 1959ರಲ್ಲಿ ಕಾಗದ ತೆಗೆಯಿತು. ಅದಕ್ಕೂ ಬಿದಿರೇ. 1958ರ ಸುಮಾರಿಗೆ ಅದಕ್ಕೆ ಸರ್ಕಾರ ಬಿದಿರು ಕೊಟ್ಟ ದರ ಟನ್ನಿಗೆ ಒಂದೂವರೆ ರೂಪಾಯಿ. ಪೇಟೆಯಲ್ಲಿ ಬುಟ್ಟಿ ಹೆಣೆಯುವ ಮೇದರು ತೆರುತ್ತಿದ್ದ ಬೆಲೆ ಅದರ ಎಷ್ಟೋ ಪಟ್ಟು.

ಇಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ? ಬಿದಿರು ಕ್ಷೀಣಿಸಿತು. 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ರಾಜ್ಯದ ಬಿದಿರಿನ ಸ್ಥಿತಿಗತಿಯ ಅಧ್ಯಯನಕ್ಕೆ ಇಳಿದರು. ಕಾಡಿನಲ್ಲಿ ಇದೆಯೆಂದು ಕಾಗದದ ಮೇಲೆ ಇದ್ದ ಲೆಕ್ಕಕ್ಕಿಂತ ನಿಜವಾದ ಬಿದಿರು ಬಹಳ ಕಡಿಮೆ ಎಂಬುದು ಅವರು ಕಂಡ ಸಂಗತಿಗಳಲ್ಲಿ ಒಂದು. ಇನ್ನೊಂದು ಇನ್ನೂ ಸ್ವಾರಸ್ಯಕರ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ಸವರಿ ಚೊಕ್ಕಟ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ಪಾಠ. ಹಳ್ಳಿಯವರು ಮಾತ್ರ ‘ಹಾಗೆ ಮಾಡಿದರೆ ಕಳಲೆ ಉಳಿಯುವುದಿಲ್ಲ, ದನ ಮೇಯುತ್ತವೆ’ ಎನ್ನುತ್ತಿದ್ದರು. ವಿಜ್ಞಾನಿಗಳು ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಗಿತ್ತು. ಮುಳ್ಳು ಹೋದ ಮೆಳೆಯಲ್ಲಿ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗಳಿಗೂ ತುತ್ತಾಗುತ್ತಿತ್ತು.

ಭದ್ರಾವತಿಯ ಕಾರ್ಖಾನೆ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 1981ರಲ್ಲಿ ಪತ್ರಿಕಾ ಕಾಗದ ತಯಾರಿಸತೊಡಗಿತು. ಕಬ್ಬಿನ ಸಿಪ್ಪೆಗೂ ಅಕೇಶಿಯ, ನೀಲಗಿರಿ ನೆಡುತೋಪಿಗೂ ಕೈಹಾಕಿತು. ಕನ್ನಡದ ಓದುಗ ಬೆಳಗಿನ ಕಾಫಿಯೊಂದಿಗೆ ಬಹುಕಾಲ ಕೈಯಲ್ಲಿ ಹಿಡಿದದ್ದು ಅಲ್ಲಿಯ ಕಾಗದ. 2015ರಲ್ಲಿ ಅದರ ಯಂತ್ರಗಳು ನಿಂತವು. ಕಾರಣ ಒಂದೇ ಅಲ್ಲ. ನಷ್ಟ, ಹಳೆಯ ಯಂತ್ರ, ಆಮದು ಕಾಗದದ ಪೈಪೋಟಿ ಎಲ್ಲವೂ ಸೇರಿವೆ. ಆದರೆ ನಾರು ಎಲ್ಲಿಂದ ತರುವುದು ಎಂಬ ಪ್ರಶ್ನೆ ಮೊದಲ ದಿನದಿಂದ ಕೊನೆಯ ದಿನದವರೆಗೂ ಆ ಕಾರ್ಖಾನೆಯನ್ನು ಬಿಡಲಿಲ್ಲ.

ಕೊಬ್ಬರಿ ಮತ್ತೆ ಹಸಿಕಾಯಿ ಆಗದು

ನಂಜನಗೂಡು ಬಳಿಯ ಚಿಕ್ಕಯ್ಯನಛತ್ರದ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಹಿಡಿದದ್ದು ಬೇರೆ ದಾರಿ. 1959ರಲ್ಲಿ ನೋಂದಣಿಯಾದ ಈ ಕಂಪನಿಯ ಮುಖ್ಯ ಕಚ್ಚಾವಸ್ತು ರದ್ದಿ. ಗುಜರಿ ಅಂಗಡಿಯಿಂದ ಬಂದದ್ದು ಇಂಥ ಕಾರ್ಖಾನೆಗಳಲ್ಲಿ ಕ್ರಾಫ್ಟ್ ಕಾಗದವಾಗಿ, ಡುಪ್ಲೆಕ್ಸ್ ಬೋರ್ಡ್ ಆಗಿ, ಕೊನೆಗೆ ರಟ್ಟಿನ ಪೆಟ್ಟಿಗೆಯಾಗಿ ಮತ್ತೆ ಪೇಟೆಗೆ ಹೋಗುತ್ತದೆ. ಮರ ಕಡಿಯಬೇಕಿಲ್ಲ, ಬಿದಿರು ಬೇಕಿಲ್ಲ. ಕೇಳಲು ಸೊಗಸಾಗಿದೆ. ತೊಡಕು ಇರುವುದು ನಾರಿನ ಒಳಗೆ.

ಕಾಗದದ ಬಲ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಅಂಟಿನಿಂದ ಎಂದು ಹಲವರು ಹೇಳಿಯಾರು. ಅದು ಅರ್ಧ ಸತ್ಯ. ಮರ, ಬಿದಿರು, ಹತ್ತಿ ಎಲ್ಲದರ ನಾರೂ ಸೆಲ್ಯುಲೋಸ್ ಎಂಬ ವಸ್ತುವಿನದು. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಅದನ್ನು ಬೇರ್ಪಡಿಸಿ ಗುರುತಿಸಿದ. ನೀರಿನಲ್ಲಿ ನೆನೆದ ನಾರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಂದರ ಮೇಲೊಂದು ಬಿದ್ದಾಗ ಹೊಂದಿಕೊಂಡು ಕೂರುತ್ತದೆ. ನೀರು ಆರುತ್ತಿದ್ದಂತೆ ಎರಡು ನಾರುಗಳ ಮೈ ಮುಟ್ಟುವ ಕಡೆಯಲ್ಲೆಲ್ಲ ಜಲಜನಕದ ಕೊಂಡಿಗಳು ಬೀಳುತ್ತವೆ. ಒಂದೊಂದು ಕೊಂಡಿಯೂ ದುರ್ಬಲ, ಆದರೆ ಅವು ಕೋಟ್ಯಂತರ. ಹಾಳೆ ಗಟ್ಟಿಯಾಗಿ ನಿಲ್ಲುವುದು ಆ ಬಲದಿಂದ.

ಮೊದಲ ಸಲ ಒಣಗಿದಾಗಲೇ ನಾರಿನ ಒಳಗಿನ ಸೂಕ್ಷ್ಮ ರಂಧ್ರಗಳು ಕುಸಿದು ಮುಚ್ಚಿಕೊಳ್ಳುತ್ತವೆ. ಮುಚ್ಚಿದ್ದು ಪೂರ್ತಿಯಾಗಿ ಮತ್ತೆ ತೆರೆಯುವುದಿಲ್ಲ. ಕೊಬ್ಬರಿಯನ್ನು ಎಷ್ಟು ಹೊತ್ತು ನೀರಿನಲ್ಲಿ ನೆನೆಸಿದರೂ ಅದು ಹಸಿ ತೆಂಗಿನಕಾಯಿ ಆಗುವುದುಂಟೇ? ಹಾಗೆಯೇ ಇದು. ಜರ್ಮನಿಯ ಗೇಯಾರ್ಗ್ ಯಾಯ್ಮೆ 1944ರಲ್ಲಿ ಈ ವಿದ್ಯಮಾನವನ್ನು ವಿವರಿಸಿ ‘ಕೊಂಬಾಗುವಿಕೆ’ ಎಂಬ ಅರ್ಥದ ಹೆಸರು ಕೊಟ್ಟ. ನಾರು ಕೊಂಬಿನಂತೆ ಬಿರುಸಾಗುತ್ತದೆ ಎಂದು. ಅರೆಯುವಾಗ ನಾರು ತುಂಡೂ ಆಗುತ್ತದೆ. ದೇವದಾರಿನಂಥ ಸೂಚಿಪರ್ಣಿ ಮರದ ನಾರು ಮೂಲತಃ ಸುಮಾರು ಮೂರು ಮಿಲಿಮೀಟರ್ ಉದ್ದ, ಬಿದಿರಿನದು ಎರಡರ ಆಸುಪಾಸು, ನೀಲಗಿರಿಯದು ಒಂದಕ್ಕೂ ಕಡಿಮೆ. ರದ್ದಿಯಾಗಿ ಐದಾರು ಸಲ ಸುತ್ತು ಹೊಡೆದ ಹೊತ್ತಿಗೆ ಅದು ಪುಡಿಗೆ ಹತ್ತಿರ.

ಇದರ ಪರಿಣಾಮ ಪ್ರಯೋಗಾಲಯದಲ್ಲಿ ಮಾತ್ರವಲ್ಲ, ಮಾರುಕಟ್ಟೆಯಲ್ಲೂ ಕಾಣುತ್ತದೆ. ರಟ್ಟಿನ ಪೆಟ್ಟಿಗೆ ವ್ಯಾಪಾರದವರು ಕಾಗದದ ಬಲವನ್ನು ‘ಬಿ.ಎಫ್.’ ಎಂಬ ಅಳತೆಯಲ್ಲಿ ಹೇಳುತ್ತಾರೆ, ಹದಿನಾರು ಬಿ.ಎಫ್., ಹದಿನೆಂಟು ಬಿ.ಎಫ್. ಹೀಗೆ. ಹಾಳೆ ಎಷ್ಟು ಒತ್ತಡಕ್ಕೆ ಸಿಡಿಯುತ್ತದೆ ಎಂಬುದರ ಲೆಕ್ಕ ಅದು. ಸವೆದ ನಾರಿನಿಂದ ಆ ಅಂಕಿ ಮುಟ್ಟಬೇಕಾದರೆ ಹಾಳೆ ದಪ್ಪ ಮಾಡಬೇಕು, ಇಲ್ಲವೇ ಉದ್ದ ನಾರಿನ ವಿದೇಶಿ ರದ್ದಿ ಬೆರೆಸಬೇಕು. ಭಾರತದ ಪೆಟ್ಟಿಗೆ ಕಾಗದದ ಕಾರ್ಖಾನೆಗಳು ಅಮೆರಿಕ, ಯುರೋಪಿನ ಹಳೆಯ ಪೆಟ್ಟಿಗೆಗಳನ್ನು ಹಡಗಿನಲ್ಲಿ ತರಿಸಿಕೊಳ್ಳುವುದು ಇದಕ್ಕೇ. ಕಸವನ್ನೂ ಡಾಲರ್ ಕೊಟ್ಟು ತರಬೇಕು.

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ತರಕಾರಿಗೆ ಹೆಸರಾದ ಮಾರುಕಟ್ಟೆ. ಅಲ್ಲಿಂದ ಘಟ್ಟ ಇಳಿದು ಕೇರಳಕ್ಕೆ ಹೋಗುವ ಸರಕು ಚೀಲದಲ್ಲಿ, ಪ್ಲಾಸ್ಟಿಕ್ ಕ್ರೇಟಿನಲ್ಲಿ ಹೋಗುವುದೇ ರೂಢಿ. ರಟ್ಟಿನ ಪೆಟ್ಟಿಗೆ ಏಕಿಲ್ಲ? ಬೆಲೆಯೊಂದು ಕಾರಣ, ಮಳೆಗಾಲದ ತೇವ ಇನ್ನೊಂದು. ಗಾಳಿಯ ತೇವಾಂಶ ಶೇಕಡ 90ಕ್ಕೆ ಏರಿದರೆ ರಟ್ಟಿನ ಪೆಟ್ಟಿಗೆ ತನ್ನ ಹೊರುವ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಕೆಳಗಿನ ಪೆಟ್ಟಿಗೆ ಕುಸಿದರೆ ಒಳಗಿನ ಟೊಮೆಟೊದ ಗತಿ ಹೇಳಬೇಕಿಲ್ಲ.

ಹಾಲಿನ ಯಂತ್ರದ ಮಹಿಮೆ

ಸವೆದ ನಾರಿಗೆ ಬಲ ತುಂಬುವ ಈ ಹೊಸ ವಸ್ತು ಹುಟ್ಟಿದ್ದು ಕಾಗದದ ಚಿಂತೆಯಿಂದಲ್ಲ. ಸ್ವೀಡನ್ನಿನ ಬೆಂಗ್ಟ್ ರೋನ್‌ಬಿ ಎಂಬ ವಿಜ್ಞಾನಿ 1949ರಿಂದ 1951ರ ಅವಧಿಯಲ್ಲಿ ಗಂಧಕಾಮ್ಲದಲ್ಲಿ ಸೆಲ್ಯುಲೋಸನ್ನು ಕರಗಿಸಿ ನೋಡಿದಾಗ, ಕರಗದೆ ಉಳಿದ ಅತಿಸೂಕ್ಷ್ಮ ಕಡ್ಡಿಗಳು ಸಿಕ್ಕವು. ಅವು ಬಹುಕಾಲ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದವು.

ನಿಜವಾದ ತಿರುವು ಬಂದದ್ದು 1970ರ ದಶಕದ ಕೊನೆಗೆ, ಅಮೆರಿಕದಲ್ಲಿ. ಐಟಿಟಿ ರೇಯೋನಿಯರ್ ಎಂಬ ಕಂಪನಿಯ ಆಲ್ಬಿನ್ ಟರ್ಬಾಕ್ ಮತ್ತು ಸಂಗಡಿಗರು ಡೇರಿಯ ಯಂತ್ರವೊಂದಕ್ಕೆ ಮರದ ಪಲ್ಪ್ ಸುರಿದರು. ಹಾಲಿನ ಕೆನೆ ಮೇಲೆ ಕಟ್ಟದಂತೆ, ಹಾಲನ್ನು ಭಾರಿ ಒತ್ತಡದಲ್ಲಿ ಸಣ್ಣ ಸಂದಿಯ ಮೂಲಕ ನುಗ್ಗಿಸಿ ಕೊಬ್ಬಿನ ಹನಿಗಳನ್ನು ಒಡೆಯುವ ಯಂತ್ರವದು. ಅದರಿಂದ ಹತ್ತಾರು ಸಲ ಹಾಯ್ದು ಬಂದದ್ದು ಪಲ್ಪ್ ಆಗಿರಲಿಲ್ಲ. ಅರೆಪಾರದರ್ಶಕವಾದ ಗಟ್ಟಿ ಗಂಜಿಯಾಗಿತ್ತು. ನೂರರಲ್ಲಿ ತೊಂಬತ್ತೇಳು ಪಾಲು ನೀರೇ ಇದ್ದರೂ ಪಾತ್ರೆಯಲ್ಲಿ ಹರಿಯದೆ ನಿಲ್ಲುತ್ತಿತ್ತು. ಒಂದೊಂದು ನಾರೂ ಒಡೆದು, ತಾನು ಯಾವ ಸಾವಿರಾರು ನವಿರೆಳೆಗಳಿಂದ ಹೆಣೆಯಲ್ಪಟ್ಟಿತ್ತೋ ಆ ಎಳೆಗಳಾಗಿ ಬಿಚ್ಚಿಕೊಂಡಿತ್ತು. 1983ರಲ್ಲಿ ಅವರು ಇದನ್ನು ಪ್ರಕಟಿಸಿದರು, ಪೇಟೆಂಟುಗಳನ್ನೂ ಪಡೆದರು. ಆಹಾರಪದಾರ್ಥ ಗಟ್ಟಿ ಮಾಡಲು, ಬಣ್ಣಕ್ಕೆ, ಮುಲಾಮಿಗೆ ಬಳಸಬಹುದೆಂಬ ಯೋಚನೆ ಅವರದು.

ಉದ್ಯಮ ಮಾತ್ರ ಮುಖ ತಿರುಗಿಸಿತು. ಒಂದು ಟನ್ ಎಳೆ ಬಿಚ್ಚಲು ಇಪ್ಪತ್ತೈದು ಸಾವಿರ ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕಾಗುತ್ತಿತ್ತು. ಯಂತ್ರದ ಸಂದಿ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಪೇಟೆಂಟುಗಳ ಅವಧಿ ಮುಗಿಯುವವರೆಗೂ ಆ ಗಂಜಿಗೆ ದೊಡ್ಡ ಗಿರಾಕಿ ಸಿಗಲಿಲ್ಲ. ದಾರಿ ತೆರೆದದ್ದು ಹೊಸ ಶತಮಾನದಲ್ಲಿ. ಸ್ವೀಡನ್ನಿನವರು ನಾರನ್ನು ಮೊದಲು ಕಿಣ್ವದಲ್ಲಿ ನೆನೆಸಿ ಸಡಿಲ ಮಾಡಿದರು. ಟೋಕಿಯೊ ವಿಶ್ವವಿದ್ಯಾಲಯದ ಅಕಿರಾ ಇಸೊಗಾಯ್, ತ್ಸುಗುಯುಕಿ ಸೈಟೊ ಮತ್ತು ಸಂಗಡಿಗರು ಒಂದು ರಾಸಾಯನಿಕ ಕ್ರಿಯೆಯಿಂದ ಎಳೆಗಳ ಮೈಗೆ ಋಣ ವಿದ್ಯುದಂಶ ಬರುವಂತೆ ಮಾಡಿ, ಅವು ಒಂದನ್ನೊಂದು ತಾವೇ ದೂರ ತಳ್ಳುವ ಉಪಾಯ ಕಂಡರು. 2006ರಲ್ಲಿ ಅವರು ಪಡೆದ ಎಳೆಯ ದಪ್ಪ ಕೇವಲ ಮೂರು ನಾಲ್ಕು ನ್ಯಾನೊಮೀಟರ್. ವಿದ್ಯುತ್ ಖರ್ಚು ಟನ್ನಿಗೆ ಒಂದೆರಡು ಸಾವಿರ ಯೂನಿಟ್‌ಗೆ ಇಳಿಯಿತು. 2015ರಲ್ಲಿ ಇಸೊಗಾಯ್, ಸೈಟೊ ಮತ್ತು ಯೋಶಿಹಾರು ನಿಶಿಯಾಮಾ ಅವರಿಗೆ ಸ್ವೀಡನ್ನಿನ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು. ಅರಣ್ಯ ಉದ್ಯಮದವರು ಅದನ್ನು ತಮ್ಮ ನೊಬೆಲ್ ಎಂದು ಕರೆದುಕೊಳ್ಳುವುದುಂಟು. ಸ್ಟಾಕ್‌ಹೋಮ್‌ನಲ್ಲಿ ದಿನಕ್ಕೆ ನೂರು ಕಿಲೊ ತಯಾರಿಸುವ ಪ್ರಾಯೋಗಿಕ ಘಟಕ ಶುರುವಾದದ್ದು 2011ರಲ್ಲಿ. ಆಮೇಲೆ ಫಿನ್ಲೆಂಡಿನ ಸ್ಟೋರಾ ಎನ್ಸೊ ಕಂಪನಿ ಈ ಎಳೆ ಬೆರೆಸಿದ ಹಗುರ ರಟ್ಟನ್ನು ಹಾಲಿನ ಪೆಟ್ಟಿಗೆಗೆ ಒದಗಿಸಿತು. ಹಾಲಿನ ಯಂತ್ರದಲ್ಲಿ ಹುಟ್ಟಿದ್ದು ಕೊನೆಗೆ ಹಾಲಿನ ಬಳಿಗೇ ಬಂತು.

ಚಕ್ಕೆಗಲ್ಲಿನ ಲೆಕ್ಕ

ಈ ಗಂಜಿ ರದ್ದಿಯ ಪಲ್ಪಿಗೆ ಬಿದ್ದಾಗ ಏನಾಗುತ್ತದೆ? ಕಲ್ಲುಗೋಡೆ ಕಟ್ಟುವುದನ್ನು ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ದಪ್ಪ ಕಲ್ಲುಗಳನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ನಡುವೆ ಸಂದಿ ಉಳಿಯುತ್ತದೆ. ಅದಕ್ಕೆ ಚಕ್ಕೆಗಲ್ಲು ತುರುಕಿದ ಮೇಲೇ ಗೋಡೆ ಅಲುಗದೆ ನಿಲ್ಲುವುದು. ಬಿರುಸಾದ ಹಳೆಯ ನಾರುಗಳು ಒಂದನ್ನೊಂದು ಮುಟ್ಟುವ ಜಾಗ ಕಡಿಮೆ. ನ್ಯಾನೊ ಎಳೆಗಳು ಆ ಸಂದಿಗಳಲ್ಲಿ ಬಲೆಯಂತೆ ಹರಡಿ, ಆಚೆಯ ನಾರಿಗೂ ಈಚೆಯ ನಾರಿಗೂ ಕೊಂಡಿ ಹಾಕುತ್ತವೆ. ಅವೂ ಸೆಲ್ಯುಲೋಸೇ ಆದ್ದರಿಂದ ಇದು ಪರಕೀಯ ಅಂಟಲ್ಲ, ಒಂದೇ ಕುಲದ ಕೂಡಿಕೆ. ಮುಂದಿನ ಸಲ ಅರೆಯುವಾಗ ಪ್ಲಾಸ್ಟಿಕ್ಕಿನಂತೆ ಬೇರೆ ಮಾಡಬೇಕಾದ ಕಾಟವೂ ಇಲ್ಲ.

ಬೇಕಾಗುವ ಪ್ರಮಾಣವೂ ಸ್ವಲ್ಪವೇ. ನೂರು ಕಿಲೊ ಒಣ ನಾರಿಗೆ ಎರಡರಿಂದ ಐದು ಕಿಲೊ ಎಂಬುದು ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ. ಹಾಳೆಯ ಬಲ ಶೇಕಡ 20, 30ರಷ್ಟು ಏರಿದ್ದನ್ನು ಸಂಶೋಧಕರು ವರದಿ ಮಾಡಿದ್ದಾರೆ. ಸ್ಪೇನಿನ ಗಿರೋನಾ ವಿಶ್ವವಿದ್ಯಾಲಯದವರು ಹಳೆಯ ಪತ್ರಿಕೆಗಳ ಪಲ್ಪನ್ನೇ ತೆಗೆದುಕೊಂಡು, ಮತ್ತೆ ಮತ್ತೆ ಅರೆದು ನಾರು ಹಾಳು ಮಾಡುವ ಬದಲು ಈ ಎಳೆ ಬೆರೆಸಿದರೆ ಬಲವೂ ಬರುತ್ತದೆ, ನಾರಿನ ಆಯುಷ್ಯವೂ ಉಳಿಯುತ್ತದೆ ಎಂದು ತೋರಿಸಿದ್ದಾರೆ.

ಹಾಗಾದರೆ ಎಲ್ಲ ಕಾರ್ಖಾನೆಗಳೂ ನಾಳೆಯಿಂದಲೇ ಏಕೆ ಬಳಸುವುದಿಲ್ಲ? ಕಾರಣ ನೀರು. ಈ ಎಳೆ ನೀರನ್ನು ಬಿಡುವುದೇ ಇಲ್ಲ. ಕಾಗದದ ಯಂತ್ರದಲ್ಲಿ ಪಲ್ಪ್ ಜಾಲರಿಯ ಮೇಲೆ ಓಡುತ್ತಿರುವಾಗಲೇ ನೀರು ಸೋರಿ ಹೋಗಬೇಕು. ಎಳೆ ಬೆರೆತರೆ ಸೋರುವುದು ನಿಧಾನ, ಒಣಗಿಸಲು ಉಗಿ ಹೆಚ್ಚು, ಯಂತ್ರದ ವೇಗ ಕಡಿಮೆ. ಅಂದರೆ ದಿನಕ್ಕೆ ಇಂತಿಷ್ಟು ಟನ್ ಎಂಬ ಲೆಕ್ಕಕ್ಕೇ ಪೆಟ್ಟು. ಇದಕ್ಕೆಂದು ಧನ ವಿದ್ಯುದಂಶವಿರುವ ಪಿಷ್ಟ ಮೊದಲಾದವನ್ನು ಜತೆಗೆ ಹಾಕಿ ಎಳೆಗಳನ್ನು ನಾರಿಗೆ ಕಟ್ಟಿಹಾಕುತ್ತಾರೆ. ಆಗ ಸೋರಿಕೆ ಸುಧಾರಿಸುತ್ತದೆ. ಇನ್ನು ಸಾಗಣೆ. ನೂರು ಕಿಲೊ ಗಂಜಿಯಲ್ಲಿ ಎಳೆ ಇರುವುದು ಎರಡು ಮೂರು ಕಿಲೊ, ಉಳಿದದ್ದು ನೀರು. ಲಾರಿಯಲ್ಲಿ ನೀರು ಹೊತ್ತು ದೂರ ಹೋಗುವ ವ್ಯಾಪಾರ ಯಾರಿಗೆ ಗಿಟ್ಟುತ್ತದೆ? ಒಣಗಿಸಿ ಕಳಿಸೋಣವೆಂದರೆ, ಯಾಯ್ಮೆ ಹೇಳಿದ ಅದೇ ಕೊಂಬಾಗುವ ರೋಗ ಈ ಎಳೆಗೂ ತಗಲುತ್ತದೆ. ರದ್ದಿಯ ರೋಗಕ್ಕೆ ಮದ್ದಾಗಿ ಬಂದದ್ದಕ್ಕೇ ಆ ರೋಗ! ಮಳೆಗಾಲದ ತೇವದ ಸಮಸ್ಯೆಯನ್ನೂ ಅದು ತಾನೊಂದೇ ನೀಗಿಸಲಾರದು. ನೀರನ್ನು ಪ್ರೀತಿಸುವ ವಸ್ತು ಕೊಡೆಯಾಗಲು ಬಾರದು.

ಮತ್ತೆ ಹುಣಸೆ ಬೀಜ

ಇಲ್ಲಿ ಕಡತ ಮಾಡುತ್ತಿದ್ದವರ ನೆನಪಾಗದೆ ಇರದು. ಹತ್ತಿ ಬಟ್ಟೆಯೆಂದರೆ ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. ಅದಕ್ಕೆ ಅವರು ಬಳಿಯುತ್ತಿದ್ದ ಹುಣಸೆ ಬೀಜದ ಅಂಟಿನ ಮುಖ್ಯ ವಸ್ತು ಝೈಲೊಗ್ಲುಕಾನ್. ವಿಶೇಷವೆಂದರೆ, ಎಳೆಯ ಸಸ್ಯದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿಗೆ ಅಂಟಿಕೊಂಡು ಅವನ್ನು ಹಿಡಿದಿಡುವುದೂ ಇದೇ ಬಗೆಯ ವಸ್ತು. ಹುಣಸೆ ಮರ ಅದನ್ನು ಬೀಜದಲ್ಲಿ ಆಹಾರವಾಗಿ ಕೂಡಿಟ್ಟಿರುತ್ತದೆ. ಸೆಲ್ಯುಲೋಸ್ ಕಂ‌ಡರೆ ತಾನಾಗಿ ಹೋಗಿ ಹತ್ತಿಕೊಳ್ಳುವ ಗುಣ ಅದರದು. ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 2000ದ ದಶಕದಲ್ಲಿ ಹುಣಸೆ ಬೀಜದ ಝೈಲೊಗ್ಲುಕಾನನ್ನೇ ಪಲ್ಪಿಗೆ ಬೆರೆಸಿ ಕಾಗದದ ಬಲ ಹೆಚ್ಚುವುದನ್ನು ಕಂಡರು.

ನಮ್ಮಲ್ಲಿ ಈ ಅಂಟಿನ ಬಳಕೆ ಕಡತದ ಜತೆಗೇ ಮುಗಿದಿರಲಿಲ್ಲ. ಕಂಬಳಿ ನೇಯುವ ಕುರುಬರು ಹಾಸಿಗೆ ಹುಣಸೆ ಬೀಜದ ಸರಿ ಬಳಿಯುತ್ತ ಬಂದಿದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೋಣಿಯ ಚಿಂದಿಯನ್ನು ಕೊಳೆಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟು ಸೇರಿಸಿ ಬೊಂಬೆಯ ಮೈ ತಿದ್ದುತ್ತಾರೆ. ಅರೆದ ನಾರಿಗೆ ಹುಣಸೆ ಅಂಟು ಎಂಬ ಸೂತ್ರ ಅಲ್ಲಿ ಇಂದಿಗೂ ಜೀವಂತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಿಷ್ಟಕ್ಕೆ ಅಭಾವ ಬಂದಾಗ ದೇಶದ ಹತ್ತಿ, ಸೆಣಬಿನ ಗಿರಣಿಗಳು ನೂಲಿಗೆ ಗಂಜಿ ಹಾಕಲು ಹುಣಸೆ ಬೀಜದ ಪುಡಿಯನ್ನೇ ಹಿಡಿದವು. ಅಲ್ಲಿಯವರೆಗೆ ಹಣ್ಣು ಬಿಡಿಸಿ ಎಸೆಯುತ್ತಿದ್ದ ಬೀಜಕ್ಕೆ ಬೆಲೆ ಬಂತು.

ಉಳಿದದ್ದು ಬಾಳೆಕಂಬ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳಲ್ಲಿ ಏಲಕ್ಕಿ ಬಾಳೆ, ಕೇರಳದ ಪೇಟೆಗೆಂದೇ ಬೆಳೆಯುವ ನೇಂದ್ರ ಬಾಳೆ ಎರಡೂ ಉಂಟು. ಗೊನೆ ಕಡಿದ ಮೇಲೆ ಆ ಗಿಡದ ಕೆಲಸ ಮುಗಿಯಿತು. ಕಂಬವನ್ನು ಬದುವಿಗೆ ಹಾಕುತ್ತಾರೆ, ಕೆಲವರು ಕೊಚ್ಚಿ ತೋಟಕ್ಕೇ ಬಿಡುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಆದ ಆ ಕಂಬದ ಪಟ್ಟೆಗಳಲ್ಲಿ ಗಟ್ಟಿಯಾದ ನಾರಿದೆ. ಮರದಲ್ಲಿರುವಷ್ಟು ಲಿಗ್ನಿನ್ ಇಲ್ಲದ ಕಾರಣ ಅದನ್ನು ಬಿಚ್ಚುವುದು ಸುಲಭ. ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಸಾಬು ಥಾಮಸ್ ಮತ್ತು ಸಂಗಡಿಗರು 2008ರಲ್ಲೇ, ಬಾಳೆನಾರನ್ನು ಉಗಿಯ ಒತ್ತಡದಲ್ಲಿಟ್ಟು ಥಟ್ಟನೆ ಒತ್ತಡ ಇಳಿಸಿ ಸಿಡಿಸುವ ವಿಧಾನದಿಂದ ನ್ಯಾನೊ ಎಳೆ ತೆಗೆದು ಪ್ರಕಟಿಸಿದ್ದಾರೆ. ಮುಂಬಯಿಯಲ್ಲಿರುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹತ್ತಿಯ ತುಣುಕು ನಾರಿನಿಂದ ನ್ಯಾನೊಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವನ್ನೇ ಕಟ್ಟಿದೆ. ವಿದ್ಯೆ ದೇಶದ ಒಳಗೇ ಇದೆ.

ಗಂಜಿಯನ್ನು ದೂರ ಸಾಗಿಸಲಾಗದು ಎಂಬ ದೋಷ ಈ ಸೀಮೆಯ ಮಟ್ಟಿಗೆ ಗುಣವೂ ಆದೀತು. ಎಳೆ ಬಿಚ್ಚುವ ಯಂತ್ರ ಇರಬೇಕಾದದ್ದು ರದ್ದಿ ಕಾರ್ಖಾನೆಯ ಅಂಗಳದಲ್ಲಿ. ಅಲ್ಲಿಗೆ ಬರಬೇಕಾದದ್ದು ಒಣಗಿದ ಬಾಳೆನಾರು. ಚಾಮರಾಜನಗರದಿಂದ ನಂಜನಗೂಡಿಗೆ ಲಾರಿ ಒಂದು ಗಂಟೆಯಲ್ಲಿ ತಲುಪುತ್ತದೆ. ಆದರೆ ನಾರು ತೆಗೆಯುವ ಕೆಲಸ ತೋಟದ ಬಳಿಯೇ ಆಗಬೇಕು. ಕಡಿದ ಕಂಬ ಬಹಳ ದಿನ ಇಟ್ಟರೆ ಕೊಳೆಯುತ್ತದೆ, ನಾರಿನ ಬಣ್ಣವೂ ಬಲವೂ ಕೆಡುತ್ತದೆ. ಒಂದು ಟನ್ ಕಂಬ ಹೊತ್ತು ತಂದರೆ ಕೈಗೆ ಹತ್ತುವ ಒಣ ನಾರು ಕೆಲವೇ ಕಿಲೊ. ಆ ಹೊರೆಯ ಕೂಲಿ ಯಾರು ಕೊಡುತ್ತಾರೆ, ನಾರಿಗೆ ಎಷ್ಟು ಬೆಲೆ ಕಟ್ಟುತ್ತಾರೆ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ. ಟನ್ನಿಗೆ ಒಂದೂವರೆ ರೂಪಾಯಿಯ ಬಿದಿರಿನ ಕಥೆ ಗೊತ್ತಿರುವ ನಾಡಿನಲ್ಲಿ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವಂತಿಲ್ಲ.

ರೈತರಿಗೆ ಇನ್ನೊಂದು ಅನುಮಾನವೂ ಇದೆ, ಅದು ಸಕಾರಣವಾದದ್ದೇ. ಬಾಳೆ ಮಣ್ಣಿನಿಂದ ಪೊಟ್ಯಾಷನ್ನು ಧಾರಾಳವಾಗಿ ಹೀರುವ ಬೆಳೆ. ಕಂಬವನ್ನು ಕೊಚ್ಚಿ ತೋಟಕ್ಕೆ ಹಾಕಿದರೆ ಅದರಲ್ಲಿ ಒಂದಷ್ಟು ಮರಳಿ ಮಣ್ಣಿಗೆ ಸೇರುತ್ತದೆ. ಕಂಬವೇ ಕಾರ್ಖಾನೆಗೆ ಹೋದರೆ? ಗುಜರಾತಿನ ನವಸಾರಿ ಕೃಷಿ ವಿಶ್ವವಿದ್ಯಾಲಯದವರು ಇದಕ್ಕೊಂದು ದಾರಿ ಮಾಡಿದ್ದಾರೆ. ನಾರು ತೆಗೆಯುವ ಯಂತ್ರದಿಂದ ಸೋರುವ ಬಾಳೆ ರಸವನ್ನು ಅವರು ದ್ರವಗೊಬ್ಬರವಾಗಿ ಮಾರ್ಪಡಿಸಿದ್ದಾರೆ, ಉಳಿದ ಚರಟವನ್ನು ಎರೆಗೊಬ್ಬರಕ್ಕೆ ಹಾಕುತ್ತಾರೆ. ಯಂತ್ರವನ್ನು ತೋಟದ ಅಂಚಿನಲ್ಲಿ ನಿಲ್ಲಿಸಿದರೆ ರಸವೂ ಚರಟವೂ ಅಲ್ಲೇ ಉಳಿಯುತ್ತವೆ, ಲಾರಿ ಹತ್ತುವುದು ಒಣ ನಾರು ಮಾತ್ರ.